ತುಮಕೂರಿನಿಂದ ಕರಾವಳಿಗೆ ನಾಲ್ಕು ದಿನ: ಬೀಚ್ ಎಣಿಸಬೇಡಿ, ಹೊಳೆ ಹಿಡಿದು ಇಳಿಯಿರಿ

ಗುಬ್ಬಿಯವರು, ಮನೆಯಲ್ಲಿ ವಯಸ್ಸಾದ ಅಮ್ಮ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ನಾಲ್ಕು ದಿನ ರಜೆ, ದೇವಸ್ಥಾನ ಎಲ್ಲ ನೋಡಿಯಾಗಿದೆ, ಈ ಸಲ ಕಡಲು, ಕಾಡು, ಜಲಪಾತ ಮಾತ್ರ ಸಾಕು, ಕರಾವಳಿಯಲ್ಲಿ ಏನೇನು ನೋಡಬಹುದು ಅಂತ ಕೇಳಿದ್ದೀರಿ. ನಾನು ತುಮಕೂರಿನವನು. ವರ್ಷಕ್ಕೆ ಒಂದು ಸಲವಾದರೂ ಆ ಕಡೆ ಹೋಗದೆ ಇರಲು ನನಗೆ ಆಗುವುದಿಲ್ಲ. ನನ್ನ ಸಲಹೆ ಒಂದೇ. ಮಂಗಳೂರಿನಿಂದ ಕಾರವಾರದವರೆಗೆ ಬೀಚ್ ಮೇಲೆ ಬೀಚ್ ಅಂತ ಓಡಬೇಡಿ. ಶರಾವತಿ ಹೊಳೆಯನ್ನು ಹಿಡಿದುಕೊಂಡು ಜೋಗದಿಂದ ಹೊನ್ನಾವರಕ್ಕೆ ಇಳಿಯಿರಿ, ಅಲ್ಲೇ ಎರಡು ರಾತ್ರಿ ಉಳಿಯಿರಿ.

ನಿಮಗೆ ಇದು ಸುಲಭ ಕೂಡ. ನಿಮ್ಮ ಊರಿನ ಮೇಲೆ ಹಾದು ಹೋಗುವ ಬಿ.ಎಚ್. ರಸ್ತೆ ಇದೆಯಲ್ಲ, ಅದೇ ಬೆಂಗಳೂರು–ಹೊನ್ನಾವರ ರಸ್ತೆ. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ ಅದು ನೆಟ್ಟಗೆ ಹೊನ್ನಾವರದ ಕಡಲಿಗೇ ಹೋಗಿ ಸೇರುತ್ತದೆ. ತುಮಕೂರಿನಿಂದ ಸುಮಾರು 360 ಕಿ.ಮೀ. ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿ. ತೆಂಗಿನ ತೋಟ, ರಾಗಿ ಹೊಲ, ಹುಣಸೆ ಮರ ಮುಗಿದು ಅಡಿಕೆ ಶುರುವಾಗುವುದು, ಮಣ್ಣಿನ ಬಣ್ಣ ಬದಲಾಗುವುದು, ಮನೆಗಳಿಗೆ ಇಳಿಜಾರು ಹಂಚಿನ ಮಾಡು ಬರುವುದು, ಆಮೇಲೆ ಆಕಾಶವೇ ಕಾಣದಷ್ಟು ಮರ, ಎಲ್ಲ ಒಂದೇ ದಿನದಲ್ಲಿ ಕಣ್ಣೆದುರು ಹಾದು ಹೋಗುತ್ತದೆ. ನಮ್ಮ ಜಿಲ್ಲೆಯ ಪಾವಗಡ, ಶಿರಾ ಕಡೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಒಳ್ಳೆ ವರ್ಷ ಅನ್ನುತ್ತೇವೆ. ಕರಾವಳಿಯಲ್ಲಿ 3,000 ಮಿ.ಮೀ. ಮೀರುತ್ತದೆ. ಕಡಲಿಂದ ಬರುವ ಮೋಡ ಘಟ್ಟಕ್ಕೆ ತಡೆದು ಮೇಲೇರಿ ತಣ್ಣಗಾಗಿ ಅಲ್ಲೇ ಸುರಿದು ಖಾಲಿಯಾಗುತ್ತದೆ, ನಮಗೆ ಉಳಿದದ್ದು ಬರುತ್ತದೆ. ಪುಸ್ತಕದಲ್ಲಿ ಓದಿದ ಈ ಪಾಠ ಮಕ್ಕಳಿಗೆ ದಾರಿಯಲ್ಲೇ ಅರ್ಥವಾಗುತ್ತದೆ. ಕಾರು ಬೇಡ ಅಂದರೆ ತುಮಕೂರಿನಿಂದ ತಾಳಗುಪ್ಪಕ್ಕೆ ರೈಲಿದೆ. ಅಲ್ಲಿಂದ ಜೋಗ ಹತ್ತಿರ.

ಯಾವಾಗ ಹೋಗಬೇಕು ಅನ್ನುವುದು ಎಲ್ಲಿಗೆ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಜೋಗಕ್ಕೆ ಮಳೆಗಾಲ ಒಳ್ಳೆಯದು, ಕಡಲಿಗೆ ಮಳೆಗಾಲ ಕೆಟ್ಟದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೇ ಇಳಿಯುವ ಹಾಗಿಲ್ಲ. ಬೇಸಿಗೆ ರಜೆಯಲ್ಲಂತೂ ಬೇಡ. ಏಪ್ರಿಲ್–ಮೇನಲ್ಲಿ ಜೋಗದಲ್ಲಿ ಬರೀ ಬಂಡೆ ನೋಡಿ ಬರುತ್ತೀರಿ, ಕೆಳಗೆ ಸೆಕೆಗೆ ಅಮ್ಮನಿಗೆ ಸುಸ್ತಾಗುತ್ತದೆ. ನಮ್ಮ ಒಣ ಬಿಸಿಲು ಬೇರೆ, ಅಲ್ಲಿ ನೆರಳಲ್ಲಿ ಕೂತರೂ ಬೆವರು ಆರುವುದಿಲ್ಲ. ಅಕ್ಟೋಬರ್ ಎರಡನೇ ಭಾಗದಿಂದ ನವೆಂಬರ್‌ವರೆಗೆ ಎರಡೂ ಸಿಗುತ್ತದೆ: ಮೇಲೆ ನೀರಿರುತ್ತದೆ, ಕೆಳಗೆ ಕಡಲು ಶಾಂತವಾಗಿರುತ್ತದೆ. ದಸರಾ ರಜೆ ತಡವಾಗಿ ಬಂದ ವರ್ಷವಾದರೆ ಅದೇ ಸರಿ.

ಮೊದಲ ದಿನ ಸಾಗರದಲ್ಲಿ ಉಳಿದುಬಿಡಿ. ಬೆಳಿಗ್ಗೆ ಬೇಗ ಜೋಗ. ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಕವಲು, 253 ಮೀಟರ್ ಕೆಳಗೆ ಬೀಳುತ್ತವೆ. ಎಷ್ಟು ನೀರು ಬೀಳುತ್ತದೆ ಅನ್ನುವುದು ಮೇಲಿನ ಲಿಂಗನಮಕ್ಕಿ ಅಣೆಕಟ್ಟೆಯ ಕೈಲಿದೆ. 1964ರಲ್ಲಿ ಅದು ಮುಗಿದ ಮೇಲೆ ಹೊಳೆಯ ಬಹುಪಾಲು ನೀರು ಕರೆಂಟು ಮಾಡಲು ಹೋಗುತ್ತದೆ. ಮಂಜು ಮುಚ್ಚಿಕೊಂಡು ಏನೂ ಕಾಣದಿದ್ದರೆ ಬೇಜಾರು ಮಾಡಿಕೊಂಡು ಹೊರಡಬೇಡಿ. ಟೀ ಕುಡಿಯುತ್ತಾ ಕಾಯಿರಿ. ಗಾಳಿ ಬಂದು ಒಂದೇ ಸಲಕ್ಕೆ ಪರದೆ ಸರಿಯುವಾಗ ಅಲ್ಲಿ ನಿಂತವರೆಲ್ಲ ಕೂಗುತ್ತಾರಲ್ಲ, ಅದನ್ನು ಮಕ್ಕಳು ಮರೆಯುವುದಿಲ್ಲ.

ಜೋಗದಿಂದ ಹೊನ್ನಾವರಕ್ಕೆ 60 ಕಿ.ಮೀ. ಆಸುಪಾಸು. ಗೂಗಲ್ ಮ್ಯಾಪ್ ಹೇಳುವ ಸಮಯಕ್ಕಿಂತ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಗೇರುಸೊಪ್ಪೆ ಘಟ್ಟ ಇಳಿಯುವಾಗ ಎಡಕ್ಕೆ ಬಲಕ್ಕೆ ನಿತ್ಯಹಸಿರು ಕಾಡು. ಸಿಂಗಳೀಕ ಅನ್ನುವ ಕೋತಿ ಇರುವ ಜಾಗ ಇದು. ಕರಿ ಮೈ, ಮುಖದ ಸುತ್ತ ಬೂದು ಕೂದಲು, ಬಾಲದ ತುದಿಯಲ್ಲಿ ಸಣ್ಣ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಭೂಮಿ ಮೇಲೆ ಬೇರೆಲ್ಲೂ ಕಾಡಿನಲ್ಲಿ ಸಿಗದ ಪ್ರಾಣಿ. ಕಂಡರೆ ದೂರದಿಂದ ನೋಡಿ. ದಯವಿಟ್ಟು ಬಾಳೆಹಣ್ಣು, ಚಿಪ್ಸ್ ಎಸೆಯಬೇಡಿ. ಮರದ ಮೇಲೆಯೇ ಬದುಕುವ ಜೀವಿ, ತಿಂಡಿ ಆಸೆಗೆ ರಸ್ತೆಗೆ ಇಳಿದರೆ ಗಾಡಿಗೆ ಸಿಕ್ಕಿ ಸಾಯುತ್ತದೆ. ದೇವರಾಯನದುರ್ಗದಲ್ಲಿ ಕೋತಿಗಳಿಗೆ ನಾವು ತಿಂಡಿ ಹಾಕಿ ಹಾಕಿ ಏನು ಮಾಡಿಟ್ಟಿದ್ದೇವೆ ಅಂತ ನಿಮಗೂ ಗೊತ್ತು.

ಹೊನ್ನಾವರ ತಲುಪಿದಾಗ ಬೆಳಿಗ್ಗೆ ಬಂಡೆ ಮೇಲಿಂದ ಬೀಳುತ್ತಿದ್ದ ಹೊಳೆ ಇದೇನಾ ಅನಿಸುತ್ತದೆ. ಅಷ್ಟು ಅಗಲ. ಅಲ್ಲಿ ಶರಾವತಿ ದಾಟಲು ಕೊಂಕಣ ರೈಲ್ವೆ ಕಟ್ಟಿದ ಸೇತುವೆ ಎರಡು ಕಿ.ಮೀ. ಮೀರಿ ಉದ್ದ ಇದೆ. ಹೊಳೆ ಕಡಲು ಸೇರುವ ಜಾಗಕ್ಕೆ ಅಳಿವೆ ಅಂತಾರೆ. ಈ ಅಳಿವೆಯ ಬದಿಯಲ್ಲಿ, ಕಾಸರಕೋಡು ಕಡೆ (ಕೇರಳದ ಕಾಸರಗೋಡಲ್ಲ, ಹೊನ್ನಾವರದ ಪಕ್ಕದ ಊರು), ಕಾಂಡ್ಲಾ ಕಾಡಿನ, ಅಂದರೆ ಉಪ್ಪು ನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿನ ಒಳಗೆ ಮರದ ಹಲಗೆ ಹಾಸಿದ ಕಾಲುದಾರಿ ಮಾಡಿದ್ದಾರೆ. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಜನ ಬಂದು ಎರಡು ಸೆಲ್ಫಿ ತೆಗೆದು ಹತ್ತು ನಿಮಿಷಕ್ಕೆ ಹೊರಟುಬಿಡುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ನೀವು ಇಳಿತದ ಹೊತ್ತಿಗೆ, ಅಂದರೆ ಕಡಲ ನೀರು ಹಿಂದೆ ಸರಿದಾಗ ಹೋಗಿ. ಹಲಗೆ ಮೇಲೆ ಒಂದು ಕಡೆ ಕೂತುಕೊಂಡು ಕೆಳಗಿನ ಕೆಸರನ್ನೇ ನೋಡುತ್ತಿರಿ. ಮೊದಲು ಏನೂ ಕಾಣುವುದಿಲ್ಲ. ಸದ್ದು ಮಾಡದೆ ಕೂತರೆ ತೂತುಗಳಿಂದ ಸಣ್ಣ ಸಣ್ಣ ಏಡಿ ಹೊರಬರುತ್ತವೆ. ಗಂಡಿಗೆ ಒಂದು ಕೊಂಡಿ ಮಾತ್ರ ಮೈಗಿಂತ ದೊಡ್ಡದು, ಅದನ್ನು ಎತ್ತಿ ಎತ್ತಿ ಬೀಸುತ್ತಾ ಹೆಣ್ಣನ್ನು ಕರೆಯುತ್ತದೆ. ಕೆಸರಿನ ಮೇಲೆ ಕುಪ್ಪಳಿಸಿಕೊಂಡು ಹೋಗುವ ಮೀನೂ ಇದೆ. ಮೀನು ನೆಲದ ಮೇಲೆ ನಡೆಯುವುದನ್ನು ನೋಡಿದ ಮಗು ಆಮೇಲೆ ಎಷ್ಟು ಪ್ರಶ್ನೆ ಕೇಳುತ್ತದೆ ನೋಡಿ. ಗಿಡಗಳ ವಿಷಯ ಇನ್ನೂ ಚೆಂದ. ಆ ಕೆಸರಿನೊಳಗೆ ಬೇರಿಗೆ ಉಸಿರಾಡಲು ಗಾಳಿ ಇಲ್ಲ. ಅದಕ್ಕೆ ಕೆಲವು ಜಾತಿಯ ಬೇರುಗಳು ನೆಲದಿಂದ ಮೇಲಕ್ಕೆ ಮೊನೆ ಎತ್ತಿ ನಿಂತಿರುತ್ತವೆ, ಅವುಗಳ ಮೈಮೇಲಿನ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ. ಇನ್ನು ಕೆಲವು ಕಾಂಡ್ಲಾದಲ್ಲಿ ಬೀಜ ಮರದ ಮೇಲೆಯೇ ಮೊಳಕೆ ಒಡೆದು ನುಗ್ಗೆಕಾಯಿ ಹಾಗೆ ಉದ್ದಕ್ಕೆ ನೇತಾಡುತ್ತಿರುತ್ತದೆ. ಇಳಿತದಲ್ಲಿ ಬಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳುತ್ತದೆ. ಉಬ್ಬರದಲ್ಲಿ ಬಿದ್ದರೆ ತೇಲಿಕೊಂಡು ಬೇರೆ ದಡ ಹುಡುಕುತ್ತದೆ. ಉಪ್ಪು ನೀರಲ್ಲಿ ಬೀಜ ಮೊಳೆಯುವುದು ಕಷ್ಟ, ಅದಕ್ಕೇ ತಾಯಿ ಮರದಲ್ಲೇ ಬೆಳೆದು ಹೊರಡುತ್ತದೆ.

ಉಬ್ಬರ ಇಳಿತದ ಲೆಕ್ಕ ನಮ್ಮ ಬಯಲುಸೀಮೆಯವರಿಗೆ ಗೊತ್ತಿರುವುದಿಲ್ಲ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ನಡುವೆ ಸುಮಾರು ಆರು ಗಂಟೆ. ಮರುದಿನ ಅದೇ ಹೊತ್ತಿಗೆ ಬರುವುದಿಲ್ಲ, 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಏರಿಳಿತ ಜಾಸ್ತಿ. ಹೊರಡುವ ಮೊದಲು ಫೋನಲ್ಲಿ ಹೊನ್ನಾವರದ ಉಬ್ಬರ ಇಳಿತದ ಸಮಯ ನೋಡಿಕೊಂಡು ಅದರ ಮೇಲೆ ದಿನ ಹಾಕಿಕೊಳ್ಳಿ.

ಸಂಜೆಗೆ ಕಾಸರಕೋಡಿನ ಇಕೋ ಬೀಚ್. 2020ರಲ್ಲಿ ಪಡುಬಿದ್ರಿ ಜೊತೆ ಇದಕ್ಕೂ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಸ್ವಚ್ಛವಾಗಿದೆ, ಅಮ್ಮನಿಗೆ ಕೂರಲು ಜಾಗ ಇದೆ. ಈಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ಮುಳುಗಿ ಹೋದರು. ನಮ್ಮ ಕಡೆಯ ಮಕ್ಕಳು. ಕೆರೆ, ಬಾವಿ ನೋಡಿ ಬೆಳೆದವರಿಗೆ ಕಡಲಿನ ಸೆಳೆತ ಗೊತ್ತಾಗುವುದಿಲ್ಲ. ಅಲೆಗಳು ತಂದು ಸುರಿದ ನೀರು ವಾಪಸ್ ಹೋಗಲು ಒಂದು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಅಕ್ಕಪಕ್ಕದಲ್ಲಿ ನೊರೆ, ನಡುವೆ ಮಾತ್ರ ಸುಮ್ನೆ ಮಲಗಿದ ನೀರು. ಜನ ಇಲ್ಲಿ ಅಲೆ ಇಲ್ಲ ಅಂತ ಅಲ್ಲೇ ಇಳಿಯುತ್ತಾರೆ, ಅದೇ ಎಳೆದುಕೊಂಡು ಹೋಗುವ ಜಾಗ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಬಾರದು, ಕೈ ಸೋಲುತ್ತದೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದವರು ಮೊಣಕಾಲಿನ ಮೇಲೆ ನೀರು ಬರದಂತೆ ನೋಡಿಕೊಳ್ಳಿ. ಮಕ್ಕಳ ಕೈ ಬಿಡಬೇಡಿ. ಕೆಂಪು ಬಾವುಟ ಇದ್ದರೆ, ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ.

ಮೂರನೇ ದಿನ ಉತ್ತರಕ್ಕೆ ಕುಮಟಾ ಕಡೆ ಹೋಗಿ ಅಘನಾಶಿನಿ ಹೊಳೆ ನೋಡಿ, 20 ಕಿ.ಮೀ. ಅಷ್ಟೇ. ಶರಾವತಿ ನೋಡಿದ ಮರುದಿನವೇ ಇದನ್ನು ನೋಡಬೇಕು ಅನ್ನುವುದಕ್ಕೆ ಕಾರಣ ಇದೆ. ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟೆ ಇಲ್ಲ. ಘಟ್ಟದ ಮಣ್ಣು, ಎಲೆ, ಸಿಹಿನೀರು ಎಲ್ಲ ಅಡ್ಡಿಯಿಲ್ಲದೆ ಅಳಿವೆಗೆ ಬರುತ್ತದೆ. ಅದಕ್ಕೇ ಅಲ್ಲಿ ಜೀವ ಅಷ್ಟು ದಟ್ಟ. ಇಳಿತದಲ್ಲಿ ಹೆಂಗಸರು ಗಂಡಸರು ಸೊಂಟದ ನೀರಲ್ಲಿ ನಿಂತು ಬಳಚು ಅನ್ನುವ ಚಿಪ್ಪುಜೀವಿ ಹೆಕ್ಕುತ್ತಿರುತ್ತಾರೆ, ಚಿಪ್ಪಿನೊಳಗಿನ ಮಾಂಸ ಊರೂರಿಗೆ ಮಾರಾಟಕ್ಕೆ ಹೋಗುತ್ತದೆ. ಬದಿಯ ಗಜನಿ ಗದ್ದೆಗಳಲ್ಲಿ, ಅಂದರೆ ಅಳಿವೆಯ ಉಪ್ಪು ನೀರು ಬರುವ ತಗ್ಗು ಗದ್ದೆಗಳಲ್ಲಿ, ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ನೀರು ನುಗ್ಗಿದರೂ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಡೆದುಕೊಳ್ಳುವ ತಳಿ. ನಾವು ಮಳೆ ಬಾರದ ನೆಲದಲ್ಲಿ ರಾಗಿ ಕಾಪಾಡಿಕೊಂಡ ಹಾಗೆ ಅವರು ಇದನ್ನು ಕಾಪಾಡಿಕೊಂಡಿದ್ದಾರೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಘನಾಶಿನಿ ಊರಿನಿಂದ ಆಚೆ ದಡದ ತದಡಿಗೆ ದೋಣಿ ಇದೆ, ದಾಟಿ ವಾಪಸ್ ಬನ್ನಿ, ಮಕ್ಕಳಿಗೆ ಖುಷಿ. ಗೋಕರ್ಣದ ಕುಡ್ಲೆ, ಓಂ ಬೀಚ್ ಚೆನ್ನಾಗಿವೆ, ಆದರೆ ರಜೆ ದಿನಗಳಲ್ಲಿ ಜನಜಂಗುಳಿ.

ಯಾಣ? ಅಮ್ಮನ ಮೊಣಕಾಲು ಸರಿ ಇದ್ದರೆ ಹೋಗಿ. ಕಾಡಿನ ನಡುವೆ 120 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲಿನ ಶಿಖರ, ಪಕ್ಕದಲ್ಲಿ 90 ಮೀಟರಿನ ಇನ್ನೊಂದು. ಮೆಟ್ಟಿಲಿವೆ, ಆದರೂ ಹತ್ತಬೇಕು. ಕಷ್ಟ ಅನಿಸಿದರೆ ಹೊನ್ನಾವರದ ಹತ್ತಿರದ ಅಪ್ಸರಕೊಂಡ ಸಾಕು, ಸಣ್ಣ ಜಲಪಾತ, ಮೇಲೆ ನಿಂತರೆ ಕಡಲು.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನೂ ಸೇರಿಸಿಕೊಳ್ಳಲೇ ಅಂತ ಕೇಳಿದ್ದೀರಿ. ನಾಲ್ಕು ದಿನದಲ್ಲಿ ಬೇಡ, ನಾಲ್ಕನೇ ದಿನ ಪೂರ್ತಿ ವಾಪಸ್ ಬರಲು ಬೇಕು. ಐದನೇ ದಿನ ಸಿಕ್ಕರೆ ಮಾತ್ರ ಹೊನ್ನಾವರದಿಂದ ದಕ್ಷಿಣಕ್ಕೆ ಹೊರಡಿ. ದಾರಿಯಲ್ಲಿ ಮರವಂತೆ, ರಸ್ತೆಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ರಾತ್ರಿ ಉಡುಪಿಯಲ್ಲಿ ಉಳಿದು ಬೆಳಗಿನ ಮೊದಲ ದೋಣಿಗೆ ದ್ವೀಪಕ್ಕೆ ಹೋಗಿ, ಭಾನುವಾರ ಬಿಟ್ಟು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದಾಗ ಉಕ್ಕಿದ ಲಾವಾ ಅದು. ಆರುವಾಗ ಕುಗ್ಗಿ ಸೀಳಿ ಕಂಬ ಕಂಬವಾಗಿ ನಿಂತಿದೆ. ತುಂಬ ಕಂಬಗಳಿಗೆ ಆರು ಮುಖ, ಮಕ್ಕಳಿಗೆ ಎಣಿಸಲು ಹೇಳಿ. ಅಲ್ಲಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗ ಮೇಲೆ ಮತ್ತೆ ಅದೇ ಬಿ.ಎಚ್. ರಸ್ತೆ ಸಿಗುತ್ತದೆ. ಘಾಟಿ ತಿರುವಿನಲ್ಲಿ ಮಕ್ಕಳಿಗೆ ವಾಂತಿ ಬರುತ್ತದೆ, ಹೊಟ್ಟೆ ತುಂಬ ತಿನ್ನಿಸಬೇಡಿ, ನಿಂಬೆಹಣ್ಣು ಜೊತೆಗಿರಲಿ. ಯಾವ ತಿಂಗಳು ಹೋಗುತ್ತೀರಿ ಅಂತ ಕೆಳಗೆ ಬರೆಯಿರಿ, ದಿನಕ್ಕೆ ಸರಿಯಾಗಿ ಇಳಿತದ ಹೊತ್ತು ನೋಡಿ ಹೇಳುತ್ತೇನೆ.