ರಬ್ಬರ್ ರೋಲರಿನ ಮೇಲಿನ ಸುರುಳಿ ಗೀರುಗಳು

ಪ್ರಶ್ನೆ: ಬಟ್ಟೆ ಗಿರಣಿಯ ಕೆಲವು ರಬ್ಬರ್ ರೋಲರುಗಳ ಮೇಲೆ ನಡುವಿನಿಂದ ಎರಡೂ ತುದಿಗಳತ್ತ ಸುರುಳಿ ಗೀರುಗಳಿರುವುದೇಕೆ? ಅವನ್ನು ಹೇಗೆ ಮಾಡುತ್ತಾರೆ?

ಉತ್ತರ: ಪರಸ್ಪರ ವಿರುದ್ಧವಾಗಿ ಸುತ್ತುವ ಆ ಗೀರುಗಳು ಬಟ್ಟೆಯನ್ನು ಅಂಚುಗಳತ್ತ ಸರಿಸಿ ಸುಕ್ಕು ಬಿಡಿಸುತ್ತವೆ, ರೋಲರಿನ ತುದಿಗಳನ್ನು ಅದಲುಬದಲಾಗಿ ಜೋಡಿಸಿದರೆ ಅವೇ ಬಟ್ಟೆಯನ್ನು ನಡುವಿಗೆ ಗುಡ್ಡೆಹಾಕುತ್ತವೆ! ತಯಾರಿಸುವಾಗ ಉಕ್ಕಿನ ಉರುಳೆಯನ್ನು ಮರಳು ಸಿಡಿಸಿ ಒರಟಾಗಿಸಿ, ಅಂಟು ಬಳಿದು, ಗಂಧಕ ಬೆರೆಸಿದ ಹಸಿ ರಬ್ಬರಿನ ಹಾಳೆಯನ್ನು ಸುತ್ತಿ, ಮೇಲೆ ನೈಲಾನ್ ಪಟ್ಟಿ ಬಿಗಿದು, ಒತ್ತಡದಲ್ಲಿ ಉಗಿ ತುಂಬುವ ಮುಚ್ಚಿದ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ ಸುಮಾರು 140–150 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ತಣಿದ ಮೇಲೆ ಸಾಣೆ ಹಿಡಿದು ಅಳತೆಗೆ ತಂದು, ಕೊನೆಗೆ ಉರುಳೆಯನ್ನು ತಿರುಗಿಸುವ ಯಂತ್ರವಾದ ಲೇತ್‌ನಲ್ಲಿ ಗೀರು ಕೊರೆಯುತ್ತಾರೆ. ಮೆತ್ತನೆಯ ರಬ್ಬರ್ ಉಳಿಗೆ ಸಿಗದೆ ತಗ್ಗುವುದರಿಂದ ನನ್ನ ಮಟ್ಟಿಗೆ ಇದೇ ನಾಜೂಕಿನ ಹಂತ. ಹಾಗಾಗಿ ಇಲ್ಲಿ ವೇಗವಾಗಿ ತಿರುಗುವ ಸಾಣೆಚಕ್ರವನ್ನು ಬಳಸುವುದೂ ಉಂಟು.