ಮೆತ್ತಗಿನ ಶೂ ಕೊಂಡರೂ ಪಾದದ ನೋವು ಯಾಕೆ ಹೋಗುವುದಿಲ್ಲ?

ಪ್ರಶ್ನೆ: ನನಗೆ 46 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ಟೀಚರ್. ಬಸ್ ಇಳಿದು ಒಂದೂವರೆ ಕಿಲೋಮೀಟರ್ ಏರುದಾರಿ ನಡೆಯಬೇಕು. ಚಿಕ್ಕಂದಿನಿಂದಲೂ ನನ್ನದು ಚಪ್ಪಟೆ ಪಾದ, ಆದರೆ ತೊಂದರೆ ಇರಲಿಲ್ಲ. ಎರಡು ವರ್ಷದಿಂದ ಮಧ್ಯಾಹ್ನದ ಹೊತ್ತಿಗೆ ಎರಡೂ ಪಾದದ ಒಳಬದಿ, ಹರಡಿನ ಮೂಳೆಯ ಕೆಳಗೆ ನೋವು ಶುರುವಾಗುತ್ತದೆ. ಡಾಕ್ಟರು ನೋಡಿ "ಫ್ಲ್ಯಾಟ್ ಫೂಟ್, ಒಳ್ಳೆ ಶೂ ಹಾಕಿ" ಅಂದರು. ಶಿವಮೊಗ್ಗಕ್ಕೆ ಹೋಗಿ ನಾಲ್ಕು ಸಾವಿರ ಕೊಟ್ಟು ತುಂಬ ಮೆತ್ತಗಿರುವ ಶೂ ತಂದೆ. ಮೂರು ತಿಂಗಳಾಯಿತು, ನೋವು ಹಾಗೇ ಇದೆ. ಸೀರೆಗೆ ಶೂ ಹೊಂದುವುದೂ ಇಲ್ಲ. ಕ್ಲಾಸಿನ ಬಾಗಿಲಲ್ಲಿ ಬಿಚ್ಚಿಟ್ಟು ಒಳಗೆ ಬರಿಗಾಲಲ್ಲೇ ಇರುತ್ತೇವೆ. ಮಳೆಗಾಲದಲ್ಲಂತೂ ಅದು ಒಣಗುವುದೇ ಇಲ್ಲ. ನಾನು ಯಾವ ಚಪ್ಪಲಿ ಹಾಕಬೇಕು?

ಉತ್ತರ: ಮೇಡಂ, ನಿಮ್ಮ ನಾಲ್ಕು ಸಾವಿರದ ಕತೆ ನನ್ನದೂ ಹೌದು. ನನ್ನ ಪಾದವೂ ಚಪ್ಪಟೆಯೇ. ಫಿಸಿಯೋಥೆರಪಿ ಓದುವಾಗ ವಾರ್ಡಿನಲ್ಲಿ ದಿನವಿಡೀ ನಿಲ್ಲಬೇಕಿತ್ತು. ಅಂಗಡಿಯವರು "ಹಾಸಿಗೆ ಮೇಲೆ ನಡೆದ ಹಾಗಿರುತ್ತೆ, ನೋಡಿ ಸಾರ್" ಅಂದರು, ಮರುಮಾತಿಲ್ಲದೆ ಕೊಂಡೆ. ಅವರು ಸುಳ್ಳು ಹೇಳಿರಲಿಲ್ಲ. ನೀವೇ ಇವತ್ತು ರಾತ್ರಿ ಹತ್ತಿಯ ಹಾಸಿಗೆ ಮೇಲೆ ಐದು ನಿಮಿಷ ಸುಮ್ನೆ ನಿಂತು ನೋಡಿ. ಪಾದ ಆ ಕಡೆ ಈ ಕಡೆ ಅಲ್ಲಾಡುತ್ತದೆ, ಕಾಲಿನ ಸ್ನಾಯುಗಳು ಬೀಳದಂತೆ ಹಿಡಿಯಲು ಒದ್ದಾಡುತ್ತವೆ. ಮೆತ್ತಗಿನ ಶೂ ಒಳಗೆ ಇಡೀ ದಿನ ನಡೆಯುವುದೂ ಇದೇ.

ನೀವು ನೋವಿನ ಜಾಗವನ್ನು ಸರಿಯಾಗಿ ಬರೆದಿದ್ದೀರಿ, ಅದರಿಂದ ಅರ್ಧ ಕೆಲಸ ಮುಗಿಯಿತು. ಮೀನಖಂಡದ ಆಳದಿಂದ ಹೊರಟ ಒಂದು ಗಟ್ಟಿ ಹುರಿ ಒಳಗಿನ ಹರಡಿನ ಮೂಳೆಯ ಹಿಂದೆ ಬಳಸಿ ಬಂದು ಪಾದದ ನಡುವಿನ ಮೂಳೆಗೆ ಕಚ್ಚಿಕೊಂಡಿರುತ್ತದೆ. ಪಾದದ ಕಮಾನನ್ನು ಮೇಲಕ್ಕೆ ಎತ್ತಿ ಹಿಡಿಯುವುದರಲ್ಲಿ ದೊಡ್ಡ ಪಾಲು ಅದರದ್ದು. ಕಮಾನು ತಗ್ಗಿದ್ದರೆ ಪ್ರತಿ ಹೆಜ್ಜೆಗೂ ಪಾದ ಒಳಕ್ಕೆ ವಾಲುತ್ತದೆ, ಈ ಹುರಿ ಎಳೆದೂ ಎಳೆದೂ ದಣಿಯುತ್ತದೆ. ಶೂ ಅಡಿ ಮೆತ್ತಗಿದ್ದರೆ ಭಾರ ಜಾಸ್ತಿ ಬೀಳುವ ಒಳಬದಿಯೇ ಮೊದಲು ಕುಸಿಯುತ್ತದೆ, ಪಾದ ಇನ್ನಷ್ಟು ವಾಲುತ್ತದೆ. ಹಾಗಾಗಿ ನಿಮಗೆ ಬೇಕಾಗಿರುವುದು ಮೆತ್ತಗಿನ ಶೂ ಅಲ್ಲ. ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವ, ನಡುವೆ ಬಳುಕದ ಶೂ.

ಶೂ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆ ಹಿಡಿದು ಬರಿಗಾಲಲ್ಲಿ ತುದಿಗಾಲ ಮೇಲೆ ನಿಲ್ಲಿ, ಮನೆಯವರು ಹಿಂದಿನಿಂದ ನೋಡಲಿ. ತುದಿಗಾಲಲ್ಲಿ ಕಮಾನು ಮೂಡಿ, ಹಿಮ್ಮಡಿ ಸ್ವಲ್ಪ ಒಳಗೆ ತಿರುಗಿದರೆ ಅದು ಬಾಗುವ ಚಪ್ಪಟೆ ಪಾದ, ಶೂ ಮತ್ತು ವ್ಯಾಯಾಮದಿಂದ ಹೆಚ್ಚಿನವರಿಗೆ ಆರಾಮ ಸಿಗುತ್ತದೆ. ಆಮೇಲೆ ಒಂದೇ ಕಾಲಲ್ಲಿ ಹಾಗೆ ಎದ್ದು ನೋಡಿ. ಏಳಲು ಆಗಲೇ ಇಲ್ಲ ಅಂದರೆ, ಹರಡಿನ ಹಿಂದೆ ಊತ ಇದ್ದರೆ, ಅಥವಾ ಒಂದೇ ಪಾದ ಈಚೆಗೆ ಹೆಚ್ಚು ಚಪ್ಪಟೆಯಾಗಿದೆ ಅನ್ನಿಸಿದರೆ ಆ ಹುರಿಯೇ ಸವೆಯುತ್ತಿರಬಹುದು. ನಲವತ್ತು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಆಗ ಶೂ ಹುಡುಕುತ್ತಾ ತಿಂಗಳು ಕಳೆಯಬೇಡಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ನಿಮ್ಮ ಹತ್ತಿರದಲ್ಲೋ ಮೂಳೆ ಡಾಕ್ಟರಿಗೆ ತೋರಿಸಿ. (ಒದ್ದೆ ಕಾಲಲ್ಲಿ ಕೆಂಪು ಗಾರೆ ನೆಲದ ಮೇಲೆ ನಡೆದು ಹೆಜ್ಜೆ ಗುರುತು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಅದು ಪಾದ ಚಪ್ಪಟೆಯೋ ಅಲ್ಲವೋ ಅಷ್ಟನ್ನೇ ಹೇಳುತ್ತದೆ. ಚಪ್ಪಟೆ ಪಾದ ಇದ್ದೂ ಜೀವಮಾನವಿಡೀ ನೋವಿಲ್ಲದೆ ಗುಡ್ಡ ಹತ್ತಿದವರು ಬೇಕಾದಷ್ಟು ಜನ ಇದ್ದಾರೆ.)

ಈಗ ಅಂಗಡಿ. ಸಂಜೆ ಹೋಗಿ. ದಿನ ಕಳೆದಂತೆ ಪಾದ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಹೋದದ್ದು ಸಂಜೆಗೆ ಬಿಗಿಯಾಗುತ್ತದೆ. ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಬೆಲೆ ನೋಡುತ್ತಾ ಅಲೆಯುವ ಬದಲು ಒಂದೇ ಅಂಗಡಿಯಲ್ಲಿ ಕೂತು ನಾಲ್ಕು ಜೊತೆ ಕೈಯಲ್ಲಿ ಹಿಡಿದು ನೋಡಿ. ಮೊದಲು ಹಿಮ್ಮಡಿ ಕೂರುವ ಹಿಂಭಾಗವನ್ನು ಎರಡೂ ಬದಿಯಿಂದ ಬೆರಳಲ್ಲಿ ಹಿಂಡಿ. ಬಟ್ಟೆಯ ಹಾಗೆ ಮಡಚಿಕೊಂಡರೆ ವಾಪಸ್ ಇಡಿ. ನಂತರ ಮುಂದೆ-ಹಿಂದೆ ಹಿಡಿದು ಬಾಗಿಸಿ. ನಡೆಯುವಾಗ ಬೆರಳು ಎಲ್ಲಿ ಮಡಿಯುತ್ತದೋ ಅಲ್ಲಿ ಮಾತ್ರ ಬಾಗಬೇಕು. ಸರಿಯಾಗಿ ಮಧ್ಯದಲ್ಲಿ ಮಡಚಿಕೊಂಡರೆ, ನಿಮ್ಮ ಕಮಾನು ಸೋತಿರುವ ಜಾಗದಲ್ಲೇ ಶೂ ಕೂಡ ಸೋತಿದೆ ಎಂದರ್ಥ. ಕೊನೆಗೆ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಸ್ವಲ್ಪ ತಿರುಗಿದರೆ ಪರವಾಗಿಲ್ಲ, ಪೂರ್ತಿ ಹಿಂಡಲು ಬಂದರೆ ಬೇಡ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಅಳತೆ ಬಗ್ಗೆ ಒಂದು ಮಾತು. "ನನ್ನದು ಐದು ನಂಬರ್" ಅಂತ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬರುತ್ತಿರುತ್ತೇವೆ, ಅಲ್ವಾ? ಕಮಾನು ತಗ್ಗುತ್ತಾ ಹೋದ ಹಾಗೆ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ನಮ್ಮಲ್ಲಿ ನಡೆಯುವ ಇಂಗ್ಲಿಷ್ ನಂಬರಿನಲ್ಲಿ ಒಂದು ನಂಬರಿಗೂ ಮುಂದಿನದ್ದಕ್ಕೂ ವ್ಯತ್ಯಾಸ ಸುಮಾರು ಎಂಟೂವರೆ ಮಿಲಿಮೀಟರ್. ಮನೆಯಲ್ಲಿ ಹಳೇ ಪೇಪರ್ ಮೇಲೆ ನಿಂತು ಎರಡೂ ಪಾದದ ಗೆರೆ ಹಾಕಿಸಿ, ಕತ್ತರಿಸಿ ಜೊತೆಗೆ ಒಯ್ಯಿರಿ. ಶೂ ಒಳಗಿನ ಹಾಸು ತೆಗೆಯಲು ಬರುವಂಥದ್ದಾದರೆ ಅದನ್ನು ಹೊರಗೆ ತೆಗೆದು ಪೇಪರ್ ಪಾದವನ್ನು ಅದರ ಮೇಲಿಡಿ. ಬದಿಯಲ್ಲಿ ಪೇಪರ್ ಹೊರಚಾಚಿದರೆ ಆ ಶೂ ಅಗಲ ಸಾಲದು, ನಂಬರ್ ಏನೇ ಇರಲಿ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು.

ಯಾವ ಕಂಪನಿ ಅಂತ ಕೇಳಬೇಡಿ. ಒಂದೇ ಕಂಪನಿ ಒಂದು ಮಾಡೆಲ್ ಗಟ್ಟಿ ಮಾಡುತ್ತದೆ, ಇನ್ನೊಂದನ್ನು ರಬ್ಬರ್ ಬ್ಯಾಂಡಿನ ಹಾಗೆ ಮಾಡುತ್ತದೆ. ನಿಮ್ಮ ಕೈಯನ್ನೇ ನಂಬಿ.

ಸೀರೆಗೆ ಶೂ ಬೇಕಾಗಿಯೇ ಇಲ್ಲ. ಹಿಮ್ಮಡಿಯ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸಾಕು. ಹಿಂದೆ ಒಂದು, ಪಾದದ ಮೇಲೆ ಎರಡು ಪಟ್ಟಿ, ಬಿಗಿ ಹೆಚ್ಚು-ಕಮ್ಮಿ ಮಾಡಲು ಬಕಲ್ ಅಥವಾ ವೆಲ್ಕ್ರೋ ಇರಲಿ. ಒಳಗೆ ಹಿಮ್ಮಡಿ ಕೂರಲು ಬಟ್ಟಲಿನಂಥ ತಗ್ಗು, ಒಳಬದಿಯಲ್ಲಿ ಕೊಂಚ ಉಬ್ಬು ಇರಬೇಕು. ಹಿಮ್ಮಡಿ ಎತ್ತರ ಎರಡು ಸೆಂಟಿಮೀಟರಿನ ಆಸುಪಾಸು ಇದ್ದರೆ ಒಳ್ಳೆಯದು. ಪೂರ್ತಿ ಸಪಾಟಾದ ಚಪ್ಪಲಿ, ಅದರಲ್ಲೂ ಹವಾಯಿ ಚಪ್ಪಲಿ, ಏರುದಾರಿಗೆ ಬೇಡವೇ ಬೇಡ. ಅದು ಜಾರದಂತೆ ಬೆರಳುಗಳು ಇಡೀ ದಾರಿ ಕಚ್ಚಿ ಹಿಡಿಯಬೇಕಾಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಶೂ ವಿಷಯ ಅಲ್ಲ. "ಬಾಗಿಲಲ್ಲಿ ಬಿಚ್ಚಿಟ್ಟು" ಎಂಬ ಮಾತು. ಲೆಕ್ಕ ಹಾಕಿ ನೋಡಿ. ಬಸ್ಸು, ಏರುದಾರಿ, ವಾಪಸ್ ದಾರಿ ಎಲ್ಲ ಸೇರಿ ಆ ಶೂ ನಿಮ್ಮ ಕಾಲಲ್ಲಿ ಎರಡು-ಮೂರು ಗಂಟೆ ಇದ್ದೀತು. ಬೋರ್ಡಿನ ಮುಂದೆ ನಿಂತ ಐದು ಗಂಟೆ ಬರಿಗಾಲು. ಬೆಳಿಗ್ಗೆ ತಿಂಡಿ, ರಾತ್ರಿ ಅಡುಗೆ, ಪಾತ್ರೆ, ಅದೂ ಬರಿಗಾಲು. ಅಂಗಳಕ್ಕೆ ಇಳಿದರೆ ಹವಾಯಿ. ಹೀಗಿರುವಾಗ ಹತ್ತು ಸಾವಿರದ ಶೂ ತಂದರೂ ಮಧ್ಯಾಹ್ನದ ನೋವು ಹೋಗುವುದು ಹೇಗೆ? ಅದಕ್ಕೇ ನನ್ನ ಸಲಹೆ, ಒಂದು ದುಬಾರಿ ಜೊತೆಯ ಬದಲು ಎರಡು ಸಾಧಾರಣ ಜೊತೆ ಕೊಳ್ಳಿ. ಎರಡನೆಯದು ಶಾಲೆಯಲ್ಲೇ ಇರಲಿ. ಅಡಿ ಮಣ್ಣು ಕಾಣದ, ಕ್ಲಾಸಿನೊಳಗೆ ಮಾತ್ರ ಹಾಕುವ ಸ್ಯಾಂಡಲ್. ಹೆಡ್ ಮಾಸ್ತರರಿಗೆ ಕಾಲು ನೋವು ಅಂತ ಹೇಳಿದರೆ ಬೇಡ ಅನ್ನಲಾರರು.

ಮನೆಯೊಳಗೆ ಚಪ್ಪಲಿ ಅಂದರೆ ನಮ್ಮ ಕಡೆ ಇನ್ನೂ ಮುಖ ಸಿಂಡರಿಸುತ್ತಾರೆ, ಗೊತ್ತು. ಅಡುಗೆ ಮನೆ, ದೇವರ ಮನೆಗೆ ಬೇಡ ಬಿಡಿ. ಒಲೆಯ ಮುಂದೆ, ಸಿಂಕಿನ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಕಿಕೊಳ್ಳಿ. ದೋಸೆ ಹೊಯ್ಯುವಾಗ ಒಂದು ಪಾದವನ್ನು ಸಣ್ಣ ಮಣೆಯ ಮೇಲಿಟ್ಟು ಆಗಾಗ ಕಾಲು ಬದಲಿಸಿ. ಉಳಿದ ಕಡೆ ಮನೆಯೊಳಗಿನ ಸ್ಯಾಂಡಲ್.

ಈಗಿರುವ ಶೂ ಎಸೆಯಬೇಡಿ. ಅದರ ಒಳಹಾಸು ತೆಗೆದು, ಕಮಾನಿಗೆ ಆಸರೆ ಕೊಡುವ ಗಟ್ಟಿ ಇನ್‌ಸೋಲ್ ಹಾಕಿ ನೋಡಬಹುದು. ಅಳತೆ ಕೊಟ್ಟು ಮಾಡಿಸಿದ್ದೇ ಆಗಬೇಕೆಂದಿಲ್ಲ, ತುಂಬ ಜನರಿಗೆ ರೆಡಿಮೇಡ್ ಸಾಕಾಗುತ್ತದೆ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ಏರಿಸಿ. ಮೊದಲ ವಾರ ಅಂಗಾಲಿನಲ್ಲಿ ಕಲ್ಲು ಸಿಕ್ಕಿದ ಹಾಗೆ ಅನ್ನಿಸುವುದು ಸಹಜ. ಎರಡು-ಮೂರು ವಾರ ಕಳೆದರೂ ಚುಚ್ಚುತ್ತಿದ್ದರೆ ಅದು ನಿಮ್ಮ ಪಾದಕ್ಕೆ ಎತ್ತರ ಜಾಸ್ತಿ.

ಮಳೆಗಾಲಕ್ಕೆ ಬಟ್ಟೆಯ ಶೂ ಬೇಡ, ಚರ್ಮದ್ದು ಬೂಷ್ಟು ಹಿಡಿಯುತ್ತದೆ. ನೀರು ಕುಡಿಯದ ರಬ್ಬರಿನಂಥ ಅಡಿ, ಆಳವಾದ ಗೆರೆ ಇರುವ ಸ್ಯಾಂಡಲ್ ಒಳ್ಳೆಯದು, ಪಾಚಿಗಟ್ಟಿದ ದಾರಿಯಲ್ಲೂ ಹಿಡಿತ ಸಿಗುತ್ತದೆ. ಒದ್ದೆಯಾದದ್ದನ್ನು ಬಚ್ಚಲ ಒಲೆಯ ಪಕ್ಕ ಮಾತ್ರ ಇಡಬೇಡಿ. ಅವಸರಕ್ಕೆ ನಾನು ಒಮ್ಮೆ ಹೊಸ ಇನ್‌ಸೋಲನ್ನು ಒಲೆಗೂಡಿನ ಮೇಲಿಟ್ಟಿದ್ದೆ, ಬೆಳಿಗ್ಗೆ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಶೂ ಆದರೆ ಅಂಟು ಬಿಟ್ಟುಕೊಳ್ಳುತ್ತದೆ. ಹಾಸು ಹೊರಗೆ ತೆಗೆದು, ಒಳಗೆ ಪೇಪರ್ ತುರುಕಿ, ಫ್ಯಾನಿನ ಕೆಳಗಿಡಿ.

ಜೊತೆಗೆ ದಿನಾ ಹತ್ತು ನಿಮಿಷ ವ್ಯಾಯಾಮ. ಗೋಡೆಗೆ ಕೈ ಒತ್ತಿ, ಒಂದು ಕಾಲು ಹಿಂದೆ ಚಾಚಿ, ಹಿಮ್ಮಡಿ ನೆಲಕ್ಕೆ ಊರಿ, ಮೀನಖಂಡ ಎಳೆಯುವ ಹಾಗೆ ಮೂವತ್ತು ಸೆಕೆಂಡ್ ನಿಲ್ಲಿ. ಪ್ರತಿ ಕಾಲಿಗೂ ಮೂರು ಸಲ. ಬಿಗಿಯಾದ ಮೀನಖಂಡ ಪಾದವನ್ನು ಇನ್ನಷ್ಟು ಚಪ್ಪಟೆ ಮಾಡುತ್ತದೆ. ಆಮೇಲೆ ಎರಡೂ ಕಾಲಲ್ಲಿ ನಿಧಾನವಾಗಿ ತುದಿಗಾಲಿಗೆ ಎದ್ದು ಇಳಿಯುವುದು, ಹತ್ತು ಸಲ. ನೋವು ಹೆಚ್ಚಾದರೆ ನಿಲ್ಲಿಸಿ.

ಪ್ರಶ್ನೆ: ಹೊಸನಗರ ಕಡೆಯ ಅಡಿಕೆ ಬೆಳೆಗಾರ, 58 ವರ್ಷ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಚಪ್ಪಟೆ ಪಾದ. ಜೂನ್‌ನಿಂದ ಸೆಪ್ಟೆಂಬರ್ ತನಕ ಉಂಬಳದ (ಜಿಗಣೆ) ಕಾಟಕ್ಕೆ ತೋಟದಲ್ಲಿ ಗಂಬೂಟೇ ಗತಿ. ಸಂಜೆಗೆ ಅಂಗಾಲು ಉರಿಯುತ್ತದೆ. ಎಂಸಿಆರ್ ಚಪ್ಪಲಿ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಮೊದಲು ಆ ಉರಿಯ ವಿಷಯ. ಅದು ಚಪ್ಪಟೆ ಪಾದದ್ದೇ ಆಗಬೇಕಿಲ್ಲ, ಸಕ್ಕರೆಯಿಂದ ನರ ಸೋತಾಗಲೂ ಅಂಗಾಲು ಉರಿಯುತ್ತದೆ. ಡಾಕ್ಟರ ಹತ್ತಿರ ಪಾದದ ಸ್ಪರ್ಶಜ್ಞಾನ ಪರೀಕ್ಷೆ ಮಾಡಿಸಿ.

ಎಂಸಿಆರ್ ಅಂದರೆ ಸಣ್ಣ ಸಣ್ಣ ಗಾಳಿಗೂಡುಗಳಿರುವ ರಬ್ಬರ್. ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಹುಣ್ಣಾಗದಿರಲಿ ಅಂತ ಇದನ್ನು ಬಳಸುತ್ತಾ ಬಂದರು, ನಂತರ ಸಕ್ಕರೆ ಕಾಯಿಲೆಯವರಿಗೂ ಬಂತು. ಒತ್ತಡವನ್ನು ಹರಡುವುದು ಅದರ ಕೆಲಸ. ಕಮಾನನ್ನು ಎತ್ತಿ ಹಿಡಿಯುವುದು ಅದರಿಂದಾಗದು. ಕಾಲು ನೋವು ಅಂದವರಿಗೆಲ್ಲ ಎಂಸಿಆರ್ ಕೊಟ್ಟು ಕಳಿಸುವುದು ಈಗ ಅಭ್ಯಾಸವಾಗಿಬಿಟ್ಟಿದೆ. ನಿಮಗೆ ಮೇಲೆ ಎಂಸಿಆರ್, ಅದರ ಕೆಳಗೆ ಗಟ್ಟಿ ಅಡಿ, ಒಳಬದಿಗೆ ಆಸರೆ, ಹಿಂದೆ ಪಟ್ಟಿ, ನಾಲ್ಕೂ ಇರುವಂಥದ್ದು ಬೇಕು.

ಗಂಬೂಟಿನ ದೊಡ್ಡ ತೊಂದರೆ ಎಂದರೆ ಒಳಗೆ ಹಿಮ್ಮಡಿ ಎದ್ದು ಎದ್ದು ಬೀಳುವುದು. ದಪ್ಪ ಕಾಲುಚೀಲ ಹಾಕಿ ನೋಡಿ, ಹಿಮ್ಮಡಿ ಏಳದ ಅಳತೆ ಆರಿಸಿ, ಒಳಗೆ ಹಿಮ್ಮಡಿಗೆ ತಗ್ಗಿರುವ ಇನ್‌ಸೋಲ್ ಕತ್ತರಿಸಿ ಕೂರಿಸಿ. ಇನ್‌ಸೋಲಿನ ದಪ್ಪಕ್ಕೂ ಜಾಗ ಇರಬೇಕು ಎಂಬುದು ನೆನಪಿರಲಿ. ರಾತ್ರಿ ಹೊರಗೆ ತೆಗೆದು ಒಣಗಿಸಿ. ಬೆಳಿಗ್ಗೆ ಬೂಟನ್ನು ತಲೆಕೆಳಗು ಮಾಡಿ ಕೊಡವಿ, ಕೈ ಹಾಕಿ ತಡವಿ ನೋಡಿಯೇ ಕಾಲಿಡಿ. ಚೇಳಿನ ಭಯಕ್ಕೆ ಮಾತ್ರ ಅಲ್ಲ, ಒಂದು ಅಡಿಕೆ ಚೂರು ಸಿಕ್ಕಿಕೊಂಡಿದ್ದರೂ ಸೋತ ಪಾದಕ್ಕೆ ಗೊತ್ತಾಗುವುದಿಲ್ಲ. ಸಂಜೆ ಬೆರಳ ಸಂದು ಒರೆಸಿ, ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಎಂದಾದರೂ ಒಂದು ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡರೆ, ನೋವು ಇಲ್ಲದಿದ್ದರೂ, ಅದರ ಮೇಲೆ ನಡೆಯುವುದು ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಪಾದ ಪೂರ್ತಿ ಚಪ್ಪಟೆ. ನೋವು ಏನೂ ಇಲ್ಲ, ಓಡಾಡಿಕೊಂಡಿದ್ದಾನೆ. ವಿಶೇಷ ಶೂ ಹಾಕಿಸದಿದ್ದರೆ ಮುಂದೆ ತೊಂದರೆ ಅಂತ ನೆಂಟರು ಹೆದರಿಸುತ್ತಿದ್ದಾರೆ. (ಶಿವಮೊಗ್ಗದ ತಾಯಿ)

ಉತ್ತರ: ಬೇಡಮ್ಮ. ಆ ವಯಸ್ಸಿನಲ್ಲಿ ಬಹಳ ಮಕ್ಕಳ ಪಾದ ಹಾಗೇ ಇರುತ್ತದೆ. ಅಂಗಾಲಿನಲ್ಲಿ ಕೊಬ್ಬು ತುಂಬಿರುತ್ತದೆ, ಕೀಲು ಸಡಿಲ ಇರುತ್ತದೆ. ಹತ್ತು ವರ್ಷದೊಳಗೆ ಹೆಚ್ಚಿನ ಮಕ್ಕಳಿಗೆ ಕಮಾನು ತಾನಾಗಿ ಮೂಡುತ್ತದೆ. ಶೂ ಹಾಕಿ ಕಮಾನು ಬರಿಸಲು ಆಗುವುದಿಲ್ಲ. ಅಂಗಳದಲ್ಲಿ, ಮರಳಲ್ಲಿ, ಹುಲ್ಲಲ್ಲಿ ಬರಿಗಾಲಲ್ಲೇ ಆಡಿಕೊಂಡಿರಲಿ. ಕಾಲು ನೋವು ಅಂತ ಅತ್ತರೆ, ಕುಂಟಿದರೆ, ತುದಿಗಾಲಲ್ಲಿ ನಿಂತರೂ ಕಮಾನು ಕಾಣದಿದ್ದರೆ, ಒಂದೇ ಪಾದ ಹಾಗಿದ್ದರೆ ಆಗ ತೋರಿಸಿ. ಶಾಲೆಗೆ ಶೂ ಕೊಳ್ಳುವಾಗ "ಬೆಳೆಯೋ ಮಗು" ಅಂತ ಎರಡು ನಂಬರ್ ದೊಡ್ಡದು ತರಬೇಡಿ, ಎಡವಿ ಬೀಳುತ್ತಾನೆ. ಮೂರು-ನಾಲ್ಕು ತಿಂಗಳಿಗೊಮ್ಮೆ ಶೂ ಮುಂಭಾಗ ಒತ್ತಿ ನೋಡಿ, ಬೆರಳು ತಾಗುತ್ತಿದ್ದರೆ ಬದಲಿಸಿ.