ಮಗನ ಕೈಯಲ್ಲಿ ಪ್ಯಾಕೆಟ್ ತರಿಸುತ್ತಾರೆ, ಏನು ಮಾಡಲಿ?

ಪ್ರಶ್ನೆ: ನನ್ನ ಗಂಡ ಗಾರೆ ಕೆಲಸದವರು. ಎಂಟು ವರ್ಷದಿಂದ ದಿನಾ ಕುಡಿತ. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಪ್ಯಾಕೆಟ್ ಒಳಗೆ ಹೋದ ಮೇಲೇ ಕೆಲಸಕ್ಕೆ ಹೊರಡುತ್ತಾರೆ. ಅದನ್ನು ತರಲು ಐದನೇ ಕ್ಲಾಸಿನ ಮಗನನ್ನು ಕಳಿಸುತ್ತಾರೆ. ಸಾಂಬಾರಿಗೆ ಬೆರೆಸಿದರೆ ಕುಡಿತ ಬಿಡಿಸುವ ಪುಡಿ ಇದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಮಗನನ್ನೇ ಕರೆದುಕೊಂಡು ಹೋಗುತ್ತಾರೇನೋ ಅಂತ ಭಯ.
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಅಮ್ಮಾ, ಮೊದಲು ಆ ಪುಡಿಯ ಮಾತು. ದಯವಿಟ್ಟು ಬೆರೆಸಬೇಡಿ. ಅದರಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಕುಡಿತ ಬಿಡಿಸುವ ಕೆಲವು ಮಾತ್ರೆಗಳ ಮೇಲೆ ತಿಳಿಯದೆ ಕುಡಿದರೆ ಪ್ರಾಣಕ್ಕೇ ಬರಬಹುದು. ಬೆಳಗಿನ ನಡುಕ ಅಂದರೆ ದೇಹ ಹೆಂಡಕ್ಕೆ ಒಗ್ಗಿಹೋಗಿದೆ ಅಂತ ಅರ್ಥ. ಇಂಥವರು ಹಟಕ್ಕೆ ಬಿದ್ದು ದಿಢೀರ್ ಅಂತ ಬಿಟ್ಟರೂ ಅಪಾಯವೇ. ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ಮದ್ಯವರ್ಜನ ಶಿಬಿರಕ್ಕೆ ಕಳಿಸುವುದಾದರೂ ಮೊದಲು ಡಾಕ್ಟರಿಗೆ ತೋರಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಇದೆ ಅಂತ ವಿಚಾರಿಸಿ. ಅವರು ಬರಲ್ಲ ಅಂದರೆ ನೀವೊಬ್ಬರೇ ಹೋಗಿ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಮಗನ ವಿಷಯ. ನನ್ನ ಅಪ್ಪನೂ ಕುಡಿಯುತ್ತಿದ್ದರು. ಗೇಟಿನ ಚಿಲಕ ಒಂದೇ ಸಲಕ್ಕೆ ತೆಗೆದರೆ ಸರಿ, ಎರಡು ಮೂರು ಸಲ ಕಿರಗುಟ್ಟಿದರೆ ನಾನು ಪುಸ್ತಕ ಮುಚ್ಚಿ ತಂಗಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗುತ್ತಿದ್ದೆ. ನಾನು ಚೆನ್ನಾಗಿ ಓದಿದರೆ ಅಪ್ಪ ಬಿಡುತ್ತಾರೆ ಅಂತ ಎಷ್ಟೋ ವರ್ಷ ನಂಬಿದ್ದೆ. ನಿಮ್ಮ ಮಗನೂ ಹಾಗೇ ಏನೋ ಒಂದು ಲೆಕ್ಕ ಹಾಕಿಕೊಂಡಿರುತ್ತಾನೆ, ಅಲ್ವಾ? ಅವನನ್ನು ಕೇಳಿ. ಇದು ನಿನ್ನ ತಪ್ಪಲ್ಲ ಅಂತ ಬಾಯಿಬಿಟ್ಟು ಹೇಳಿ.

ಪ್ಯಾಕೆಟ್ ತರಿಸುವುದು ಮಾತ್ರ ಇವತ್ತೇ ನಿಲ್ಲಬೇಕು. ಮಕ್ಕಳ ಕೈಯಲ್ಲಿ ಹೆಂಡ ಸಾಗಿಸುವುದು, ಮಕ್ಕಳಿಗೆ ಹೆಂಡ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲಾಗುವ ಅಪರಾಧ. ಜಗಳದ ಹೊತ್ತಲ್ಲಿ ಗಂಡನಿಗೆ ಇದನ್ನು ಹೇಳಲು ಹೋಗಬೇಡಿ. ಅಂಗಡಿಯವನಿಗೆ ಹೇಳಿ, ಜೊತೆಗೆ ಸ್ತ್ರೀಶಕ್ತಿ ಸಂಘದ ನಾಲ್ಕು ಜನ ಇರಲಿ.

1098ರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮಗುವನ್ನು ಮನೆಯಿಂದ ದೂರ ಇಡುವುದು ಕೊನೆಯ ದಾರಿ ಅಂತ ಅದೇ ಕಾಯ್ದೆ ಹೇಳುತ್ತದೆ. ಮಕ್ಕಳ ಕಲ್ಯಾಣ ಸಮಿತಿಯವರು ಮನೆಯ ಸ್ಥಿತಿ ವಿಚಾರಿಸುತ್ತಾರೆ, ಕೌನ್ಸೆಲಿಂಗ್ ಕೊಡಿಸುತ್ತಾರೆ. ನೋಡಿಕೊಳ್ಳುವ ತಾಯಿ ನೀವಿದ್ದೀರಿ, ಅದೇ ದೊಡ್ಡ ಬಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವ ಯೋಜನೆಯ ಬಗ್ಗೆಯೂ ಕೇಳಿ. ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿ ಒಳಗೆ ಆದಾಯ ಇರುವ, ಕಷ್ಟದಲ್ಲಿರುವ ಮನೆಗಳ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೆರವು ಅದರಲ್ಲಿದೆ. ಸಮಿತಿ ನೋಡಿ ತೀರ್ಮಾನಿಸುತ್ತದೆ.

ಗಂಡ ಹೊಡೆಯಲು ಕೈ ಎತ್ತಿದ ರಾತ್ರಿ ಮಾತ್ರ ಇದ್ಯಾವುದನ್ನೂ ಯೋಚಿಸಬೇಡಿ. 112ಕ್ಕೆ ಫೋನ್ ಮಾಡಿ. ಆಗ ಯಾರ ಮನೆಗೆ ಓಡಬೇಕು ಅಂತ ಮಗನಿಗೆ ಇವತ್ತೇ ತೋರಿಸಿಡಿ.